ಕೆಂಪು ಮನೆಗೆ ಗಿಲಾವು

ನನ್ನನ್ನು ನೋಡಲು ಜನ ಏಳು ಸಲ ಬಂದಿದ್ದರು. ನಮ್ಮ ಮನೆಯನ್ನು ನೋಡಲು ಬಂದದ್ದು ಒಂದೇ ಸಲ. ಎಂಟೂ ಸಲ ಬಂದವರು ಹೊಟ್ಟೆ ತುಂಬ ತಿಂದು, ತಿಳಿಸುತ್ತೇವೆ ಎಂದು ಹೇಳಿ ಹೋದರು. ಮೊದಲ ಏಳರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಎಂಟನೆಯದರಲ್ಲಿ ತಪ್ಪು ಪೂರ್ತಿ ನನ್ನದೇ.

ಮನೆ ಇರುವುದು ಕೊಪ್ಪಳದಲ್ಲಿ, ರೈಲು ನಿಲ್ದಾಣದ ಆಚೆ ಬದಿಗೆ. ಕಟ್ಟಿದಾಗ ಅದು ಊರ ಹೊರಗಿತ್ತು, ಸುತ್ತ ಜಾಲಿ ಕಂಟಿ ಬಿಟ್ಟರೆ ಏನೂ ಇರಲಿಲ್ಲವಂತೆ. ಈಗ ಊರು ಅದನ್ನು ದಾಟಿ ಎಲ್ಲಿಯೋ ಹೋಗಿದೆ. ನಮ್ಮದು ಕಲ್ಲಿನ ಸೀಮೆ; ಎತ್ತ ತಿರುಗಿದರೂ ಗುಡ್ಡ, ಗುಡ್ಡದ ತುಂಬ ಬಂಡೆ. ಹಳೆಯ ಮನೆ ಎಂದರೆ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಅಂಥ ಊರಿನಲ್ಲಿ ನಿಜಾಮರ ಕಾಲದ ಒಬ್ಬ ರೈಲು ಗುತ್ತೇದಾರನಿಗೆ ಸುಟ್ಟ ಇಟ್ಟಿಗೆಯ ಮನೆಯೇ ಬೇಕೆನಿಸಿತು. ಕೆರೆಯ ಮಣ್ಣು ತರಿಸಿ, ಪಕ್ಕದಲ್ಲೇ ಭಟ್ಟಿ ಹಾಕಿಸಿ, ಗೋಡೆಗೆ ಏನನ್ನೂ ಬಳಿಯದೆ ಇಟ್ಟಿಗೆ ಕಾಣುವ ಹಾಗೆಯೇ ಕಟ್ಟಿಸಿದ. ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ, ಒಂದು ಗಿಡ್ಡ. ಕಿಟಕಿಯ ಕಮಾನುಗಳ ಮೇಲೆ ಮಾತ್ರ ಇಟ್ಟಿಗೆಗಳು ನಿಂತಿದ್ದವು. ಊರವರೆಲ್ಲ ಅದನ್ನು ಕೆಂಪು ಮನಿ ಎನ್ನುತ್ತಿದ್ದರು. ಜಟಕಾದವನಿಗೆ ಅಷ್ಟು ಹೇಳಿದರೆ ಸಾಕಿತ್ತು.

ಅಪ್ಪ ನಿಲ್ದಾಣದಲ್ಲಿ ಪಾರ್ಸಲ್ ಗುಮಾಸ್ತರಾಗಿದ್ದರು. ಮೊದಲು ಈ ಮನೆಯಲ್ಲಿ ಬಾಡಿಗೆಗಿದ್ದು, ಆಮೇಲೆ ಗುತ್ತೇದಾರನ ಮೊಮ್ಮಕ್ಕಳಿಂದ ಅದನ್ನೇ ಕೊಂಡರು. ಸಂಜೆ ಡ್ಯೂಟಿ ಮುಗಿಸಿ ಬಂದು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಗೋಡೆಗೆ ತಲೆ ಒರಗಿಸಿ ಕೂರುವುದು ಅವರ ಪದ್ಧತಿ. ಅವ್ವ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ, ಅದೇ ಗೋಡೆಗೆ ತಲೆ ಕೊಟ್ಟು, ಶೇಂಗಾ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೂರುತ್ತಿದ್ದಳು. ಇಬ್ಬರೂ ತಲೆಗೆ ಔಡಲೆಣ್ಣೆ, ಎಂದರೆ ಹರಳೆಣ್ಣೆ, ಹಚ್ಚುವವರು. ಈ ಸೀಮೆಯ ಬಿಸಿಲಿಗೆ ಅದೇ ತಂಪು ಎಂದು ನಂಬಿದವರು. ಮೂವತ್ತು ವರ್ಷ ಹಾಗೆ ಕೂತು ಕೂತು ಗೋಡೆಯಲ್ಲಿ ಎರಡು ಕಪ್ಪು ಗುರುತು ಬಿದ್ದಿದ್ದವು. ಮೇಲೊಂದು ಅಪ್ಪನದು, ಕೆಳಗೊಂದು ಅವ್ವನದು. ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗುವವಳು. ಗೋಡೆಗೂ ನನಗೂ ಸಂಬಂಧವಿರಲಿಲ್ಲ.

ಆ ಗೋಡೆಯೆಂದರೆ ನನಗೆ ನಾಚಿಕೆ. ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ಕಡೆ ಇಟ್ಟಿಗೆ ಕಾಣುವ ಮನೆ ಎಂದರೆ ಅರ್ಧಕ್ಕೆ ನಿಂತ ಮನೆ. ಗೋಡೆ ಏಳುವಷ್ಟು ದುಡ್ಡಿತ್ತು, ಗಿಲಾವು ಮಾಡಿಸುವಷ್ಟರಲ್ಲಿ ಮುಗಿಯಿತು ಎಂದೇ ನೋಡಿದವರು ತಿಳಿಯುತ್ತಾರೆ. ಗಿಲಾವು ಎಂದರೆ ಗೋಡೆಗೆ ಗಾರೆ ಮೆತ್ತಿ ನುಣುಪು ಮಾಡುವುದು. ಅದಿಲ್ಲದ ಮನೆಯವಳು ಎಂದು ಸಾಲೆಯಲ್ಲಿ ನನ್ನನ್ನು ಕಾಡುತ್ತಿದ್ದರು. ಅಪ್ಪನಿಗೆ ಹೇಳಿದರೆ ಇದು ಹೀಗೇ ಕಟ್ಟಿದ ಮನೆ ಎನ್ನುತ್ತಿದ್ದರು. ಸಹಪಾಠಿಗಳಿಗೆ ಅದನ್ನು ಒಪ್ಪಿಸುವುದು ಹೇಗೆಂದು ಮಾತ್ರ ಹೇಳಿಕೊಡಲಿಲ್ಲ.

ನನ್ನನ್ನು ನೋಡಲು ಬಂದವರಲ್ಲಿ ಯಲಬುರ್ಗಿಯವರಿದ್ದರು, ಗಂಗಾವತಿಯ ನೀರಾವರಿ ಕಡೆಯವರಿದ್ದರು, ಕುಷ್ಟಗಿಯವರಿದ್ದರು. ಪ್ರತಿ ಸಲವೂ ಮುಂಚೆ ಹೇಳಿ ಕಳಿಸುತ್ತಿದ್ದದ್ದು ಒಂದೇ ಮಾತು: ಏನೂ ತ್ರಾಸು ತಗೋಬ್ಯಾಡ್ರಿ, ಸುಮ್ಮನ ಬಂದು ಹೋಗ್ತೀವಿ. ಆ ಮಾತನ್ನು ನಿಜವೆಂದು ನಂಬಿ ಸುಮ್ಮನೆ ಕೂತ ತಾಯಿ ಈ ನಾಲ್ಕು ತಾಲೂಕಿನಲ್ಲಿ ಯಾರೂ ಇರಲಿಕ್ಕಿಲ್ಲ. ಅವ್ವ ಅಂಗಳ ಸಾರಿಸುತ್ತಿದ್ದಳು, ಶಿರಾ ಉಪ್ಪಿಟ್ಟು ಮಾಡುತ್ತಿದ್ದಳು, ನನ್ನ ಮುಖಕ್ಕೆ ಸ್ನೋ ಹಚ್ಚಿ ಮೇಲೆ ಪೌಡರು ಬಡಿಯುತ್ತಿದ್ದಳು. ಚಿಕ್ಕಂದಿನಲ್ಲಿ ಅಮ್ಮ ಎದ್ದು ಸಿಡುಬಾದಾಗ ನನ್ನ ಕೆನ್ನೆಯಲ್ಲಿ ಉಳಿದ ಕುಳಿಗಳನ್ನು ಮುಚ್ಚಬೇಕಿತ್ತು. ಪೌಡರು ಬಡಿದಷ್ಟೂ ಕುಳಿಗಳು ಎದ್ದು ಕಾಣುತ್ತಿದ್ದವು. ಕನ್ನಡಿಯಲ್ಲಿ ನನಗೇ ಕಾಣುತ್ತಿತ್ತು. ಅವ್ವನಿಗೆ ಹೇಳುವ ಧೈರ್ಯ ಮಾತ್ರ ಆಗುತ್ತಿರಲಿಲ್ಲ.

ಐದನೆಯ ಸಲ ಬಂದ ಕುಷ್ಟಗಿಯ ಹಿರಿಯರೊಬ್ಬರು ಶಿರಾ ತಿಂದು ಕೈ ತೊಳೆದು ವರಾಂಡದಲ್ಲಿ ನಿಂತು ಗೋಡೆಯನ್ನೇ ನೋಡಿದರು. ಆಮೇಲೆ ಅಪ್ಪನನ್ನು ಕೇಳಿದರು: “ಯಾಕ್ರಿ, ಮನಿಗೆ ಗಿಲಾವು ಮಾಡ್ಸೂದು ಆಗಿಲ್ಲೇನು?”

ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸಿದರು. ಒಳಗೆ ಬಾಗಿಲ ಹಿಂದೆ ನಿಂತಿದ್ದ ನನಗೆ ಮೈ ಉರಿದು ಹೋಯಿತು. ಪತ್ರ ಬರಲಿಲ್ಲ. ಅವರು ಒಲ್ಲೆ ಎಂದದ್ದು ನನ್ನ ಕೆನ್ನೆಗೋ ಮನೆಯ ಗೋಡೆಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹೊತ್ತಿಗೆ ನಾನು ಗೋಡೆಯದೇ ತಪ್ಪೆಂದು ತೀರ್ಮಾನಿಸಿದ್ದೆ. ಹಾಗೆ ತೀರ್ಮಾನಿಸುವುದು ನನಗೆ ಸುಲಭವಾಗಿತ್ತು.

ಏಳರ ನಂತರ ಯಾರೂ ಬರಲಿಲ್ಲ. ನಾನು ಸಾಲೆಯ ಅಕ್ಕೋರಾದೆ. ಕನಕಗಿರಿಯಲ್ಲಿ ಹದಿನಾಲ್ಕು ವರ್ಷ ಕೋಣೆ ಮಾಡಿಕೊಂಡಿದ್ದು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ, ಆಮೇಲೆ ಕೊಪ್ಪಳಕ್ಕೆ ವರ್ಗವಾಯಿತು. ಅಪ್ಪ ಹೋದರು, ಎರಡು ವರ್ಷಕ್ಕೆ ಅವ್ವನೂ ಹೋದಳು. ನಾನು ನಿವೃತ್ತಳಾದೆ. ಅಪ್ಪನ ಕುರ್ಚಿಯಲ್ಲಿ ಕೂತು ಸಂಜೆ ಕಳೆಯುವುದು ನನ್ನ ಕೆಲಸವಾಯಿತು. ಗಿಣಿಗೇರಾದ ಕಾರ್ಖಾನೆಗಳಿಗೆ ಅದಿರು ಹೊತ್ತ ಲಾರಿಗಳು ಹೋಗುತ್ತವೆ, ಬರುತ್ತವೆ. ಒರೆಸಿದ ಕುರ್ಚಿಯ ಕೈಯ ಮೇಲೆ ಕಾಫಿ ಆರುವಷ್ಟರಲ್ಲಿ ಕಪ್ಪು ಧೂಳು ಕೂರುತ್ತದೆ. ಹಾಲಿನವನು ಬರುತ್ತಾನೆ, ಸಿಲಿಂಡರಿನವನು ಬರುತ್ತಾನೆ. ಒಂದು ಸಲ ಮೂರು ದಿನ ಯಾರ ಜೊತೆಗೂ ಮಾತಾಡದೆ, ನಾಲ್ಕನೆಯ ದಿನ ಹಾಲಿನವನಿಗೆ ಚಿಲ್ಲರೆ ಕೇಳುವಾಗ ನನ್ನ ದನಿ ಒಡೆದು ಬಂದಿತ್ತು. ಒಂಟಿತನ ಎಂದರೆ ದೊಡ್ಡ ಸಂಕಟವೇನಲ್ಲ. ದಿನಾ ಸ್ವಲ್ಪ ಸ್ವಲ್ಪ ಗಂಟಲು ಕಟ್ಟುವುದು, ಅಷ್ಟೇ.

ಆಗಲೇ ರಸ್ತೆ ಅಗಲ ಮಾಡುವ ಸುದ್ದಿ ಬಂತು. ಅಳತೆಯವರು ಬಂದು ನಮ್ಮ ಕಂಬದ ಮೇಲೆ ಬಣ್ಣದಲ್ಲಿ ಗುರುತು ಬರೆದು ಹೋದರು. ವರಾಂಡ ಪೂರ್ತಿ ಹೋಗುತ್ತದೆ, ಮುಂದಿನ ಕೋಣೆಯೂ ಅರ್ಧ ಹೋಗುತ್ತದೆ. ಎದುರಿಗೆ ಎಷ್ಟೋ ವರ್ಷದಿಂದ ಮುಚ್ಚಿದ ಹತ್ತಿ ಜಿನ್ನಿನ ಖಾಲಿ ಜಾಗವಿದೆ. ಆ ಬದಿಗೆ ರಸ್ತೆ ಸರಿಸಬಾರದೇ ಎಂದು ಕೇಳಿದೆ. ಅದಕ್ಕೆ ಕಾರಣ ಬೇಕಲ್ಲ ಅಕ್ಕೋರ ಎಂದರು.

ಕಾರಣ ಒಂದು ದಿನ ತಾನಾಗಿಯೇ ಗೇಟು ತೆಗೆದುಕೊಂಡು ಬಂತು. ಕಾರಟಗಿ ಕಡೆಯ ಹುಡುಗಿ, ಕಟ್ಟಡ ಕಟ್ಟುವ ವಿದ್ಯೆ ಓದುತ್ತಿದ್ದವಳು. ಜಿಲ್ಲೆಯಲ್ಲಿ ಉಳಿಸಬೇಕಾದ ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಸಮಿತಿಯೊಂದಿದೆ, ಅದಕ್ಕಾಗಿ ಬೀದಿ ಬೀದಿ ಸುತ್ತುತ್ತಿದ್ದೇನೆ ಎಂದಳು. ಗೋಡೆಯನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಮೊಬೈಲಿನಲ್ಲಿ ಹತ್ತಾರು ಫೋಟೊ ತೆಗೆದಳು, ನನ್ನದೂ ಒಂದು, ಕುರ್ಚಿಯಲ್ಲಿ ಕೂತದ್ದು. ಇಂಥ ಮನೆ ಈ ಭಾಗದಲ್ಲಿ ನಾನು ನೋಡೇ ಇಲ್ಲ, ಪಟ್ಟಿಗೆ ಸೇರಿದರೆ ಮುಟ್ಟಲು ಬಿಡುವುದಿಲ್ಲ, ರಸ್ತೆಯನ್ನು ಆಚೆ ಬದಿಗೆ ಸರಿಸಿ ಎಂದು ಸಮಿತಿಯವರೇ ಬರೆದು ಕೊಡುತ್ತಾರೆ ಎಂದಳು. ತಿಂಗಳೊಳಗೆ ಅವರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ, ಗೇಟಿನ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದಳು.

“ನೀವೇನೂ ತ್ರಾಸ್ ತಗೋಬ್ಯಾಡ್ರಿ ಅಮ್ಮಾ. ಮನಿ ಹೆಂಗೈತಿ ಹಂಗ ಇರ್ಲಿ.”

ಈ ಮಾತನ್ನು ನಾನು ಏಳು ಸಲ ಕೇಳಿದವಳು. ಅದರ ಅರ್ಥ ನನಗೆ ಗೊತ್ತಿಲ್ಲವೇ? ಮಗು ಎಷ್ಟು ಮರ್ಯಾದಸ್ಥೆ ಎಂದುಕೊಂಡೆ. ಅವಳು ಬೀದಿ ತಿರುಗುವ ಮೊದಲೇ ಗೌಂಡಿಗೆ ಫೋನು ಹಚ್ಚಿದೆ.

ಗೌಂಡಿ ಎಂದರೆ ನಮ್ಮ ಮನೆಯ ರಿಪೇರಿ ಮಾಡುತ್ತ ಬಂದ ಮೇಸ್ತ್ರಿ. ಅವರ ಅಪ್ಪನೂ ಇದೇ ಮನೆಯ ತಾರಸಿ ಸೋರಿದಾಗ ಬಂದು ತೇಪೆ ಹಾಕುತ್ತಿದ್ದರು. ಅಜ್ಜನಂತೂ ಇದನ್ನು ಕಟ್ಟಿದವರಲ್ಲೇ ಒಬ್ಬರು. ಮೇಸ್ತ್ರಿಗೂ ನನಗೂ ಹೆಚ್ಚು ಕಮ್ಮಿ ಒಂದೇ ವಯಸ್ಸು. ಹಬ್ಬಕ್ಕೆ ಶೀರ್‌ಖುರ್ಮಾ ತಂದುಕೊಡುತ್ತಾರೆ, ಡಬ್ಬಿ ಮರಳಿಸುವಾಗ ನಾನು ಹೋಳಿಗೆ ತುಂಬುತ್ತೇನೆ. ಮುಂದಿನ ಗೋಡೆ, ವರಾಂಡ, ಕಂಬ, ಕಮಾನು, ಎಲ್ಲಕ್ಕೂ ಸಿಮೆಂಟಿನ ಗಿಲಾವು ಆಗಬೇಕು, ಮೇಲೆ ತಿಳಿ ಹಳದಿ ಬಣ್ಣ ಹೊಡೆಯಬೇಕು ಎಂದಾಗ ಅವರು ಟೇಪು ಬಿಚ್ಚಲಿಲ್ಲ. ಗೋಡೆಯ ಹತ್ತಿರ ಹೋಗಿ ನಿಂತರು. ನಾನು ಪಟ್ಟಿಯ ವಿಷಯ, ರಸ್ತೆಯ ವಿಷಯ ಎಲ್ಲ ಹೇಳಿದೆ. ದೊಡ್ಡವರು ಬರುತ್ತಾರೆ, ಅವರ ಮುಂದೆ ಮನೆಯನ್ನು ಬರಿ ಮೈಯಲ್ಲಿ ನಿಲ್ಲಿಸಲೇ ಎಂದೆ.

“ಅಕ್ಕೋರ, ಇದು ಸುಣ್ಣ ಅಲ್ರಿ, ಸಿಮೆಂಟ್. ಒಮ್ಮೆ ಹತ್ತಿತಂದ್ರ ಬಿಡಂಗಿಲ್ಲ. ತೆಗಿಯಾಕ ಹೋದ್ರ ಇಟ್ಟಂಗಿ ಮಾರಿನ ಕಿತ್ಕೊಂಡು ಬರತೈತಿ.”

ತೆಗೆಯುವವರು ಯಾರು ಎಂದು ಕೇಳಿದೆ. ಮೇಸ್ತ್ರಿ ಕಮಾನಿನ ಕಡೆ ಕೈ ತೋರಿಸಿದರು. ಅಲ್ಲಿ ನಿಂತ ಇಟ್ಟಿಗೆಗಳನ್ನು ಅಜ್ಜ ಒಂದೊಂದನ್ನೇ ಕಲ್ಲಿಗೆ ಉಜ್ಜಿ ಉಜ್ಜಿ ಓರೆ ಮಾಡಿ ಕೂರಿಸಿದ್ದರಂತೆ, ಮಧ್ಯದಲ್ಲಿ ಕೂದಲೂ ಹೋಗದ ಹಾಗೆ. ಇದನ್ನು ಮುಚ್ಚುವುದು ಬೇಡ ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಲು ನಾನು ಬಿಡಲಿಲ್ಲ. ನಲವತ್ತು ವರ್ಷದ ಹಿಂದೆ ಕುಷ್ಟಗಿಯ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರವನ್ನೆಲ್ಲ ಆ ಪಾಪದ ಮನುಷ್ಯನ ಮೇಲೆ ಹಾಕಿದೆ. ನೀವು ಮಾಡುತ್ತೀರೋ, ಬೇರೆಯವರನ್ನು ಕರೆಯಲೋ ಎಂದುಬಿಟ್ಟೆ.

ಮೇಸ್ತ್ರಿ ಮರುದಿನ ಬಂದರು. ವರಾಂಡದ ಎಣ್ಣೆ ಗುರುತುಗಳ ಹತ್ತಿರ ನಿಂತು, ಎಣ್ಣೆ ಕುಡಿದ ಇಟ್ಟಿಗೆಗೆ ಸಿಮೆಂಟು ಸರಿಯಾಗಿ ಹಿಡಿಯುವುದಿಲ್ಲ ಎಂದರು. ನಾನು ಅಡುಗೆಮನೆಯಿಂದ ಸೋಡಾ ತಂದು, ತೆಂಗಿನ ನಾರಿನಿಂದ ಅಪ್ಪನ ಗುರುತನ್ನೂ ಅವ್ವನ ಗುರುತನ್ನೂ ನನ್ನ ಕೈಯಾರೆ ಗಸಗಸ ತಿಕ್ಕಿದೆ. ನನ್ನ ಕೈಯಾರೆ. ಅವತ್ತು ಅದು ಕೊಳೆ ಎಂದೇ ಅನ್ನಿಸಿತ್ತು. ಎಂಟು ದಿನದಲ್ಲಿ ಕೆಲಸ ಮುಗಿಯಿತು. ಕಮಾನುಗಳ ಗಿಲಾವನ್ನು ಮೇಸ್ತ್ರಿ ಬೇರೆ ಯಾರಿಗೂ ಬಿಡದೆ ತಾವೇ ಮಾಡಿದರು. ಮುಗಿಸಿದ ದಿನ ಚಹಾ ಬೇಡ ಎಂದು ಹೋದರು.

ಮನೆ ಹಳದಿಯಾಯಿತು. ಬುಡಕ್ಕೆ ಕೆಂಪು ಕಾರಣಿ ಪಟ್ಟಿ ಹೊಡೆಸಿದೆ. ಗೇಟಿನ ಹೊರಗೆ ನಿಂತು ನೋಡಿದೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆ ಬೀದಿಯಲ್ಲಿ ಮೊದಲ ಸಲ ನಮ್ಮ ಮನೆ ಎಲ್ಲರ ಮನೆಯ ಹಾಗಿತ್ತು.

ಬರುವ ದಿನ ಬೆಳಿಗ್ಗೆ ಶಿರಾ ಮಾಡಿದೆ, ಉಪ್ಪಿಟ್ಟು ಮಾಡಿದೆ. ಅವ್ವ ಹೋದ ಮೇಲೆ ಇವೆರಡನ್ನೂ ಒಟ್ಟಿಗೆ ಮಾಡಿದ್ದು ಅದೇ ಮೊದಲು. ಅಂಗಳಕ್ಕೆ ನೀರು ಹೊಡೆದು, ಇಳಕಲ್ ಸೀರೆ ಉಟ್ಟು, ವರಾಂಡದಲ್ಲಿ ನಿಂತೆ. ಹನ್ನೊಂದರ ಸುಮಾರಿಗೆ ಬಿಳಿ ಕಾರೊಂದು ನಿಧಾನವಾಗಿ ಬಂತು. ಕಿಟಕಿಯಲ್ಲಿ ಆ ಹುಡುಗಿಯ ಮುಖ ಕಂಡಿತು. ನಾನು ಕೈ ಎತ್ತಿದೆ. ಕಾರು ನಿಲ್ಲದೆ ಮುಂದೆ ಹೋಯಿತು.

ಸ್ವಲ್ಪ ಹೊತ್ತಿಗೆ ತಿರುಗಿ ಬಂತು, ಮತ್ತೆ ದಾಟಿ ಹೋಯಿತು. ಆಮೇಲೆ ನನ್ನ ಫೋನು ರಿಂಗಾಯಿತು. “ಅಮ್ಮಾ, ಕೆಂಪು ಮನಿ ಸಿಗವಲ್ದು. ನೀವು ಹೊರಗ ಬಂದು ನಿಂದ್ರತೀರೇನ್ರಿ?” ಎಂದಳು.

ಗೇಟಿನ ಹೊರಗೆ ಬಂದು ನಿಂತೆ. ಕಾರಿನಿಂದ ಇಳಿದ ಹುಡುಗಿ ನನ್ನನ್ನು ನೋಡಿದಳು, ನನ್ನ ಹಿಂದಿನ ಮನೆಯನ್ನು ನೋಡಿದಳು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂದದ್ದು ಕಂಡು ನನಗೆ ಆಗಲೂ ಅರ್ಥವಾಗಲಿಲ್ಲ. ಸಮಿತಿಯ ಹಿರಿಯರು, ಕೋಲು ಹಿಡಿದ ಬಿಳಿ ಕೂದಲಿನವರು, ಒಳಗೆ ಬಂದು ಗೋಡೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು.

“ಇದನ್ನ ಯಾಕ ಮುಚ್ಚಿಸಿದ್ರಿ, ತಾಯಿ?”

“ನೀವು ಬರ್ತೀರಂತ.”

ಅವರು ಸಿಟ್ಟು ಮಾಡಲಿಲ್ಲ. ಕುರ್ಚಿಯಲ್ಲಿ ಕೂತು ನನಗೂ ಕೂರಲು ಹೇಳಿದರು. ಈ ಮನೆಯ ಬೆಲೆ ಇದ್ದದ್ದೇ ಆ ಇಟ್ಟಿಗೆಯಲ್ಲಿ, ಅದನ್ನು ಜೋಡಿಸಿದ ಕೈಯಲ್ಲಿ ಎಂದು ಸಾಲೆಯ ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು. ನಾನು ಮೇಸ್ತ್ರಿಯನ್ನು ಕರೆಸಿದೆ. ತೆಗೆಸಿಬಿಡುತ್ತೇನೆ, ಇವತ್ತೇ ತೆಗೆಸುತ್ತೇನೆ ಎಂದೆ. ಮೇಸ್ತ್ರಿ ಪಕ್ಕದ ಮೂಲೆಯಲ್ಲಿ ಉಳಿ ಇಟ್ಟು ಎರಡು ಏಟು ಹಾಕಿದರು. ಗಿಲಾವಿನ ಚಕ್ಕೆ ಕೆಳಗೆ ಬಿತ್ತು. ಅದರ ಬೆನ್ನಿಗೆ ಇಟ್ಟಿಗೆಯ ಕೆಂಪು ಮುಖ ಹಾಗೇ ಅಂಟಿಕೊಂಡಿತ್ತು. ಗೋಡೆಯಲ್ಲಿ ಉಳಿದದ್ದು ಪುಡಿ ಪುಡಿ, ಕುಳಿ ಕುಳಿ. ಆ ಕುಳಿಗಳನ್ನು ನೋಡಿ ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಹಿರಿಯರು ಸಾಕು ಎಂದು ಕೈಸನ್ನೆ ಮಾಡಿದರು. ಮೇಸ್ತ್ರಿ ನನ್ನ ಮುಖ ನೋಡದೆ ಉಳಿಯನ್ನು ಚೀಲಕ್ಕೆ ಹಾಕಿದರು. ನಾನು ಹೇಳಿದ್ದೆನಲ್ಲ ಎಂದು ಅವರು ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ.

ಬಂದವರು ಶಿರಾ ತಿಂದರು. ಚಲೋ ಆಗಿದೆ ಎಂದರು. ವರದಿ ಬರೆದು ತಿಳಿಸುತ್ತೇವೆ ಎಂದು ಹೇಳಿ ಕಾರು ಹತ್ತಿದರು. ಪತ್ರಕ್ಕಾಗಿ ನಾನು ಕಾಯಲಿಲ್ಲ, ಅಷ್ಟು ಅನುಭವ ನನಗಿತ್ತು. ಆದರೂ ಈ ಸಲ ಪತ್ರ ಬಂತು. ಮೂಲ ಸ್ವರೂಪ ಉಳಿದಿಲ್ಲವಾದ್ದರಿಂದ ಪರಿಗಣಿಸಲಾಗಲಿಲ್ಲ ಎಂದಿತ್ತು. ರಸ್ತೆ ಎಲ್ಲಿ ಬರಬೇಕೆಂದಿತ್ತೋ ಅಲ್ಲೇ ಬರುತ್ತದೆ.

ಹುಡುಗಿ ಆ ಮೊದಲ ದಿನದ ಫೋಟೊಗಳನ್ನು ನನ್ನ ಮೊಬೈಲಿಗೆ ಕಳಿಸಿದಳು. ನೋಡುವ ಮನಸ್ಸಾಗದೆ ಬಹಳ ದಿನ ಬಿಟ್ಟಿದ್ದೆ. ನೋಡಿದಾಗ ಕಂಡದ್ದು ನಾನಲ್ಲ, ನನ್ನ ಹಿಂದಿದ್ದ ಗೋಡೆ. ಅಪ್ಪನ ಗುರುತು ನನ್ನ ತಲೆಗಿಂತ ಒಂದು ಗೇಣು ಮೇಲಿತ್ತು. ಅಪ್ಪ ಎತ್ತರದ ಮನುಷ್ಯ. ಅವ್ವನದು ಕುರ್ಚಿಯ ಕೈಯ ಪಕ್ಕದಲ್ಲಿತ್ತು. ನಾನು ಗೋಡೆಗೆ ಒರಗಿರಲಿಲ್ಲ, ನೆಟ್ಟಗೆ ಕೂತಿದ್ದೆ. ಸೀರೆಗೆ ಕೊಳೆಯಾಗುತ್ತದೆಂದು ನಾನು ಯಾವತ್ತೂ ಒರಗಿ ಕೂತವಳೇ ಅಲ್ಲ. ತಲೆಗೆ ಎಣ್ಣೆ ಹಚ್ಚುವುದನ್ನಂತೂ ನೌಕರಿ ಸೇರಿದ ವರ್ಷವೇ ಬಿಟ್ಟಿದ್ದೆ. ಈ ಮನೆಯಲ್ಲಿ ಐವತ್ತು ವರ್ಷದ ಹತ್ತಿರ ಬದುಕಿದವಳ ಒಂದು ಕಲೆಯೂ ಆ ಗೋಡೆಯ ಮೇಲಿರಲಿಲ್ಲ.

ಈ ಬೇಸಿಗೆ ಬಿಸಿಲು ಜೋರಾದಾಗ ವರಾಂಡದ ಹಳದಿ ಬಣ್ಣದ ಮೇಲೆ ಬೆವರಿನಂತೆ ಏನೋ ಮೂಡಿತು. ಮೊದಲು ತೇವ ಎಂದುಕೊಂಡೆ. ಕೈಯಿಟ್ಟು ಮೂಸಿ ನೋಡಿದೆ. ಔಡಲೆಣ್ಣೆ. ವಾರದೊಳಗೆ ಎರಡು ದುಂಡನೆಯ ಗುರುತು ನಿಚ್ಚಳವಾದವು. ಮೇಲೊಂದು, ಕೆಳಗೊಂದು. ನನ್ನ ಸೋಡಾ, ಸಿಮೆಂಟು, ಬಣ್ಣ, ಮೂರನ್ನೂ ದಾಟಿ ಅಪ್ಪ ಅವ್ವ ಹೊರಗೆ ಬಂದಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವರು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ತಾರಸಿ ನೋಡಲು ಬಂದ ಮೇಸ್ತ್ರಿ ಗುರುತುಗಳನ್ನು ನೋಡಿದರು. ಮೇಲೆ ಇನ್ನೊಂದು ಕೋಟು ಹೊಡೆಯಲೇ ಎಂದು ಕೇಳಬೇಕಾಗಿತ್ತು, ಅದು ಅವರ ಕಸುಬು. ಕೇಳಲಿಲ್ಲ. ರಸ್ತೆಯವರು ದೀಪಾವಳಿ ಕಳೆದ ಮೇಲೆ ಬರುತ್ತಾರಂತೆ ಎಂಬ ಸುದ್ದಿ ಮಾತ್ರ ಹೇಳಿದರು. ಅವತ್ತು ಚಹಾ ಕುಡಿದು ಹೋದರು.

ಮರುದಿನ ಜವಾಹರ ರಸ್ತೆಯ ಅಂಗಡಿಗೆ ಹೋಗಿ ಔಡಲೆಣ್ಣೆ ತಂದೆ. ಈಗ ದಿನಾ ಸಂಜೆ ನೆತ್ತಿಗೆ ಚೆನ್ನಾಗಿ ತಟ್ಟಿಕೊಂಡು, ಕುರ್ಚಿಯನ್ನು ಬದಿಗೆ ಸರಿಸಿ, ಗಿಡ್ಡ ಮಣೆ ಹಾಕಿಕೊಂಡು ಅವರಿಬ್ಬರ ಗುರುತಿನ ನಡುವೆ ಗೋಡೆಗೆ ತಲೆ ಒರಗಿಸಿ ಕೂರುತ್ತೇನೆ. ಬಣ್ಣ ಹೊಸದು, ಎಣ್ಣೆ ಬೇಗ ಹಿಡಿಯುವುದಿಲ್ಲ. ದೀಪಾವಳಿಗೆ ಇನ್ನೂ ನಾಲ್ಕು ತಿಂಗಳಿದೆ.